ಮೂಗಿನ ಒಳಗೋಡೆಗೆ ತೆರಿಗೆಯಿಲ್ಲ, ಹೊರಗಿನ ಉಬ್ಬಿಗೆ ಉಂಟು

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ. ಮಗಳಿಗೆ 23 ವರ್ಷ. ಸಣ್ಣಂದಿನಿಂದಲೂ ಎಡಮೂಗಿನಲ್ಲಿ ಸರಿಯಾಗಿ ಉಸಿರಾಡಲು ಆಗುವುದಿಲ್ಲ, ರಾತ್ರಿ ಬಾಯಿ ತೆರೆದೇ ಮಲಗುತ್ತಾಳೆ. ಮೂಗಿನ ಮೇಲೆ ಒಂದು ಉಬ್ಬೂ ಉಂಟು, ಅದರ ಬಗ್ಗೆ ಅವಳಿಗೆ ತುಂಬಾ ಬೇಸರ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎರಡನ್ನೂ ಒಂದೇ ಆಪರೇಷನ್ನಿನಲ್ಲಿ ಸರಿಮಾಡಬಹುದು ಅಂದರು. ಎಸ್ಟಿಮೇಟ್ 1,80,000 ರೂಪಾಯಿ, ಅದರ ಮೇಲೆ ಶೇ. 18ರಂತೆ 32,400 ರೂಪಾಯಿ ಜಿಎಸ್‌ಟಿ. ನನ್ನ ತಮ್ಮನ ಮಗುವಿಗೆ ಸೀಳುತುಟಿ ಸರಿಮಾಡಿಸಿದಾಗ ಒಂದು ರೂಪಾಯಿ ತೆರಿಗೆ ಇರಲಿಲ್ಲ. ಎರಡೂ ಪ್ಲಾಸ್ಟಿಕ್ ಸರ್ಜರಿಯೇ. ಈ ವ್ಯತ್ಯಾಸ ಯಾಕೆ? ಆಪರೇಷನ್ನಿಗೆ ತೆರಿಗೆ ಹಾಕುವುದೇ ಸರಿಯಾ?

ಉತ್ತರ: ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ಪೂರ್ತಿ 1,80,000ದ ಮೇಲೆ ತೆರಿಗೆ ಹಾಕಿದ್ದು ಸರಿಯಲ್ಲ. ಅದರ ಒಂದು ಭಾಗಕ್ಕೆ ತೆರಿಗೆಯೇ ಇಲ್ಲ. ಉಳಿದ ಭಾಗಕ್ಕೂ ಶೇ. 18 ಯಾಕೆ ಎಂದು ಕೇಳಲು ಈಗ ಜಾಗ ಉಂಟು. ಅಡ್ವಾನ್ಸ್ ಕಟ್ಟುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದರೆ, 2017ರ ಜೂನ್ 28ರ 12/2017 ಎಂಬ ಜಿಎಸ್‌ಟಿ ಅಧಿಸೂಚನೆಯಿಂದ. ಅದರ 74ನೇ ನಮೂದು ಆಸ್ಪತ್ರೆ ಮತ್ತು ವೈದ್ಯರ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಕೊಡುತ್ತದೆ. ಆರೋಗ್ಯ ಸೇವೆ ಎಂದರೆ ಯಾವುದು ಎಂಬ ವ್ಯಾಖ್ಯಾನ ಅದೇ ಅಧಿಸೂಚನೆಯ ಕೊನೆಯಲ್ಲಿದೆ. ಕಾಯಿಲೆ, ಗಾಯ, ವಿರೂಪ, ಅಸಹಜತೆ ಅಥವಾ ಗರ್ಭಾವಸ್ಥೆಗೆ ಸಂಬಂಧಿಸಿದ ತಪಾಸಣೆ, ಚಿಕಿತ್ಸೆ, ಆರೈಕೆ ಇವೆಲ್ಲ ಒಳಗೆ. ಕೂದಲು ಕಸಿ, ಕಾಸ್ಮೆಟಿಕ್ ಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಹೊರಗೆ. ಆದರೆ ಹುಟ್ಟು ನ್ಯೂನತೆ, ಬೆಳವಣಿಗೆಯ ಅಸಹಜತೆ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗರಚನೆಯನ್ನೋ ಅಂಗದ ಕೆಲಸವನ್ನೋ ಮೊದಲಿನಂತೆ ಮಾಡಲು ಅಥವಾ ಹೊಸದಾಗಿ ಕಟ್ಟಲು ಮಾಡಿದ್ದಾದರೆ ಅವೂ ಮತ್ತೆ ಒಳಗೆ.

ಅಂದರೆ ಸರ್ಜನ್ ಯಾರು, ವಿಭಾಗ ಯಾವುದು ಎಂದು ಕಾನೂನು ಕೇಳುವುದೇ ಇಲ್ಲ. ಈ ದೇಹಕ್ಕೆ ಏನಾಗಿತ್ತು ಎಂದು ಮಾತ್ರ ಕೇಳುತ್ತದೆ. ಮಲ್ಪೆಯ ಬೋಟಿನಲ್ಲಿ ಹಗ್ಗಕ್ಕೆ ಸಿಕ್ಕಿ ಬೆರಳು ಜಜ್ಜಿದವರಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಿದರೆ ತೆರಿಗೆಯಿಲ್ಲ. ಹೆದ್ದಾರಿ 66ರಲ್ಲಿ ಬೈಕ್ ಬಿದ್ದು ಕೆನ್ನೆಯ ಮೂಳೆ ಒಳಗೆ ಹೋದವರಿಗೆ ಪ್ಲೇಟ್ ಕೂರಿಸಿದರೂ ಇಲ್ಲ. ಅದೇ ಸರ್ಜನ್ ಅದೇ ದಿನ ಅದೇ ಥಿಯೇಟರಿನಲ್ಲಿ ಹೊಟ್ಟೆಯ ಕೊಬ್ಬು ಹೀರಿ ತೆಗೆದರೆ ಅದಕ್ಕೆ ತೆರಿಗೆ ಉಂಟು.

ನಿಮ್ಮ ತಮ್ಮನ ಮಗುವಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರು ತಿಂಗಳು ದಾಟಿದ ಮೇಲೆ ಮಾಡುತ್ತಾರೆ. ಹತ್ತು ವಾರ ವಯಸ್ಸು, ಹತ್ತು ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕ, ಹಿಮೋಗ್ಲೋಬಿನ್ ಹತ್ತು, ಇದು ಹಳೆಯ ಲೆಕ್ಕ. ಅಂಗುಳವೂ ಸೀಳಿದ್ದರೆ ಅದರ ಸರದಿ ಒಂಬತ್ತರಿಂದ ಹದಿನೆಂಟು ತಿಂಗಳ ಒಳಗೆ. ಸೀಳಿದ್ದ ಬದಿಯಲ್ಲಿ ಮೂಗಿನ ಹೊಳ್ಳೆ ಚಪ್ಪಟೆಯಾಗಿ ಕೆಳಗೆ ಜಾರಿರುತ್ತದೆ. ಮುಖ ಬೆಳೆದು ನಿಂತ ಮೇಲೆ, ಹದಿನಾರು ಹದಿನೆಂಟರ ಹೊತ್ತಿಗೆ, ಅದನ್ನು ಎತ್ತಿ ಕೂರಿಸುತ್ತಾರೆ. ಆಗ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವರಿಗೆ ಕಾಣುವುದು ಕಾಲೇಜಿಗೆ ಹೋಗುವ ಪ್ರಾಯದವರ ಮೂಗಿನ ಆಪರೇಷನ್ ಮಾತ್ರ. ಕಾಸ್ಮೆಟಿಕ್ ಎಂದು ತೆರಿಗೆ ಹಾಕಿಬಿಡುವ ಸಾಧ್ಯತೆ ಉಂಟು. ಅದು ತಪ್ಪು. ಮೂಲ ಹುಟ್ಟು ನ್ಯೂನತೆ ಆದ್ದರಿಂದ ವಿನಾಯಿತಿ ಕೊನೆಯ ಆಪರೇಷನ್ನಿನವರೆಗೂ ನಡೆಯುತ್ತದೆ. ಮೊದಲ ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಷನ್ನಿಗೆ ಮುಂಚಿನ ಒಂದು ಫೋಟೋ ಜೋಪಾನವಾಗಿ ಇಡಲು ತಮ್ಮನಿಗೆ ಹೇಳಿ.

ಈಗ ನಿಮ್ಮ ಮಗಳ ಮೂಗು. ಎರಡು ಹೊಳ್ಳೆಗಳ ನಡುವಿನ ಗೋಡೆ ಮುಂಭಾಗದಲ್ಲಿ ಮೆಲುಮೂಳೆ, ಹಿಂಭಾಗದಲ್ಲಿ ಗಟ್ಟಿ ಮೂಳೆ. ಅದು ಒಂದು ಬದಿಗೆ ಬಾಗಿದರೆ ಆ ಬದಿಯ ಗಾಳಿಯ ದಾರಿ ಕಿರಿದಾಗುತ್ತದೆ. ಇದನ್ನು ನೇರ ಮಾಡುವುದು ಸೆಪ್ಟೊಪ್ಲಾಸ್ಟಿ. ಇದು ಅಸಹಜತೆಗೆ ಮಾಡುವ ಚಿಕಿತ್ಸೆ, ತೆರಿಗೆಯಿಲ್ಲ. ಮೇಲಿನ ಉಬ್ಬನ್ನು ತೆಗೆಯಬೇಕಾದರೆ ಕೆಲಸ ಬೇರೆ. ಮೂಗಿನ ಮೇಲ್ಭಾಗದ ಮೂಳೆ ಮತ್ತು ಮೆಲುಮೂಳೆಯನ್ನು ಕೆತ್ತಿ ಇಳಿಸಬೇಕು, ಇಳಿಸಿದಾಗ ಮೇಲೆ ಅಗಲವಾಗಿ ತೆರೆದುಕೊಳ್ಳುವ ಜಾಗವನ್ನು ಮುಚ್ಚಲು ಎರಡೂ ಬದಿಯ ಮೂಳೆಗಳನ್ನು ಕತ್ತರಿಸಿ ಒಳಗೆ ಸರಿಸಬೇಕು. ಉಸಿರಾಟಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೆ ಇದು ಕಾಸ್ಮೆಟಿಕ್.

ದೇಹದ ಒಳಗೆ ಇವೆರಡು ಇಷ್ಟು ಚೊಕ್ಕವಾಗಿ ಬೇರೆಯಾಗುವುದಿಲ್ಲ. ನಡುಗೋಡೆಯಿಂದ ತೆಗೆದ ಮೆಲುಮೂಳೆಯನ್ನೇ ಸರ್ಜನ್ ಮೂಗಿನ ಆಕಾರಕ್ಕೆ ಆಧಾರವಾಗಿ ಬಳಸುತ್ತಾರೆ. ಮೂಗು ಕುಸಿಯದಂತೆ ಮುಂದೆ ಮತ್ತು ಮೇಲೆ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಉಳಿಸಿ, ಉಳಿದದ್ದರಲ್ಲಿ ಬೇಕಾದಷ್ಟು ಕೊಯ್ದುಕೊಳ್ಳುತ್ತಾರೆ. ಮೂಗಿನ ಒಳಗೆ, ಗೋಡೆಗೂ ಬದಿಯ ಮೆಲುಮೂಳೆಗೂ ನಡುವೆ ಹತ್ತರಿಂದ ಹದಿನೈದು ಡಿಗ್ರಿಯ ಒಂದು ಸಣ್ಣ ಕೋನ ಇರುತ್ತದೆ. ಗಾಳಿಯ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ ಅದೇ. ಉಬ್ಬು ತೆಗೆಯುವಾಗ ಆ ಕೋನ ಮುಚ್ಚಿಕೊಂಡರೆ ನೋಡಲು ಚೆಂದದ ಮೂಗಿನಲ್ಲಿ ಉಸಿರು ಮೊದಲಿಗಿಂತ ಕಟ್ಟುತ್ತದೆ. ಹಾಗಾಗದಂತೆ ಅಲ್ಲಿ ಮೆಲುಮೂಳೆಯ ತೆಳು ಪಟ್ಟಿ ಸೇರಿಸುತ್ತಾರೆ. ಆ ಕೋನ ಮೊದಲೇ ಕಿರಿದಾಗಿದ್ದರೆ ಪಟ್ಟಿ ಸೇರಿಸುವುದು ಉಸಿರಾಟದ ಚಿಕಿತ್ಸೆಯ ಪಾಲಿಗೆ ಸೇರುತ್ತದೆ. ಯಾವುದು ಯಾವುದಕ್ಕೆ ಎಂದು ಹೇಳಬಲ್ಲವರು ಸರ್ಜನ್ ಒಬ್ಬರೇ. ಆದ್ದರಿಂದ ನೀವು ಮೊದಲು ಮಾತಾಡಬೇಕಾದ್ದು ಅಕೌಂಟ್ಸ್ ವಿಭಾಗದ ಹತ್ತಿರ ಅಲ್ಲ, ಸರ್ಜನ್ ಹತ್ತಿರ.

ಅವರ ಹತ್ತಿರ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟು. ಮಗಳು ಸಣ್ಣವಳಿದ್ದಾಗ ಮೂಗಿಗೆ ಪೆಟ್ಟು ಬಿದ್ದಿತ್ತೇ? ಮಕ್ಕಳು ಜಗಲಿಯಿಂದ ಬಿದ್ದು ಮೂಗಿನಲ್ಲಿ ರಕ್ತ ಬಂದು ಎರಡು ದಿನದಲ್ಲಿ ಮರೆತುಹೋದ ಪೆಟ್ಟೂ ಬೆಳೆಯುವ ಮೂಗನ್ನು ಸೊಟ್ಟ ಮಾಡಬಲ್ಲದು. ಒಳಗೋಡೆ ಮತ್ತು ಹೊರಗಿನ ಉಬ್ಬು ಎರಡೂ ಹಳೆಯ ಪೆಟ್ಟಿನಿಂದಲೇ ಬಂದದ್ದು ಎಂದು ಪರೀಕ್ಷೆಯಲ್ಲಿ ತಿಳಿದರೆ ಇಡೀ ಆಪರೇಷನ್ ಗಾಯದಿಂದ ಕೆಟ್ಟ ಅಂಗವನ್ನು ಸರಿಮಾಡುವ ಲೆಕ್ಕಕ್ಕೆ ಹೋಗುತ್ತದೆ, ತೆರಿಗೆ ಪೂರ್ತಿ ಬಿಡುತ್ತದೆ. ಆದರೆ ಪೆಟ್ಟು ಬೀಳದಿದ್ದರೆ ಬಿದ್ದಿದೆ ಎಂದು ಬರೆಸಲು ಹೋಗಬೇಡಿ. ಡಿಸ್ಚಾರ್ಜ್ ಸಮ್ಮರಿ ಅವಳ ಜೊತೆ ಜೀವನಪೂರ್ತಿ ಇರುವ ಕಾಗದ. ಮುಂದೆ ವಿಮೆಯವರು ನೋಡುವುದೂ ಅದನ್ನೇ.

ಸಮ್ಮರಿಯಲ್ಲಿ ಇರಬೇಕಾದ್ದು ಇಷ್ಟು: ನಡುಗೋಡೆ ಬಾಗಿರುವ ರೋಗನಿರ್ಣಯ (ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಸಂಕೇತ ಜೆ34.2), ಎಷ್ಟು ಕಾಲದಿಂದ ತೊಂದರೆ, ಸ್ಪ್ರೇ ಮತ್ತು ಔಷಧ ಹಾಕಿ ಗುಣ ಕಾಣದ ವಿವರ, ಎಂಡೋಸ್ಕೋಪಿ ಅಥವಾ ಸಿಟಿ ಸ್ಕ್ಯಾನಿನಲ್ಲಿ ಕಂಡದ್ದು, ಮತ್ತು ಯಾವ ಯಾವ ಕೆಲಸ ಮಾಡಿದರು ಎಂಬುದು ಒಂದೊಂದಾಗಿ. 'ರೈನೊಪ್ಲಾಸ್ಟಿ' (ಮೂಗಿನ ಆಕಾರದ ಆಪರೇಷನ್) ಎಂದು ಒಂದೇ ಪದ ಬರೆದು ಬಿಟ್ಟರೆ ಬಿಲ್ ಮಾಡುವವರು ಪೂರ್ತಿ ಕಾಸ್ಮೆಟಿಕ್ ಎಂದೇ ತೆಗೆದುಕೊಳ್ಳುತ್ತಾರೆ. ನಿಮ್ಮ ಎಸ್ಟಿಮೇಟಿನಲ್ಲಿ ಆಗಿರುವುದು ಇದೇ ಇರಬೇಕು.

ಪ್ಯಾಕೇಜ್ ದರದ ಅಪಾಯವೂ ಇಲ್ಲೇ. ಜಿಎಸ್‌ಟಿ ಕಾಯ್ದೆಯ 8ನೇ ಕಲಂ ಪ್ರಕಾರ, ಸಹಜವಾಗಿ ಒಟ್ಟಿಗೇ ಬರುವ ಸೇವೆಗಳಲ್ಲಿ ಮುಖ್ಯವಾದದ್ದರ ತೆರಿಗೆಯೇ ಎಲ್ಲಕ್ಕೂ ಅನ್ವಯ. ಆಪರೇಷನ್ನಿನ ಜೊತೆಗಿನ ಅರಿವಳಿಕೆ, ನರ್ಸಿಂಗ್, ಡ್ರೆಸ್ಸಿಂಗ್ ಹೀಗೆ ಬರುತ್ತವೆ. ಆದರೆ ಬೇರೆ ಬೇರೆಯಾಗಿ ಕೊಡಬಹುದಾದ ಎರಡು ಸೇವೆಗಳನ್ನು ಕಟ್ಟಿ ಒಂದೇ ಬೆಲೆ ಹೇಳಿದರೆ, ಎರಡರಲ್ಲಿ ಹೆಚ್ಚಿನ ದರ ಯಾವುದೋ ಅದು ಇಡೀ ಮೊತ್ತದ ಮೇಲೆ ಬೀಳುತ್ತದೆ. ನಡುಗೋಡೆಯ ಕೆಲಸಕ್ಕೆ 70,000, ಹೊರ ಆಕಾರಕ್ಕೆ 1,10,000 ಎಂದು ಸರ್ಜನ್ ವಿಂಗಡಿಸಿದರು ಎಂದು ಇಟ್ಟುಕೊಳ್ಳಿ. ಶೇ. 18ರಂತೆ ತೆರಿಗೆ 19,800ಕ್ಕೆ ಇಳಿಯುತ್ತದೆ, 12,600 ಉಳಿಯುತ್ತದೆ. ಥಿಯೇಟರ್, ಅರಿವಳಿಕೆ, ವಾರ್ಡಿನಂಥ ಎರಡಕ್ಕೂ ಸೇರಿದ ಖರ್ಚನ್ನು ಆಪರೇಷನ್ ಸಮಯದ ಪ್ರಕಾರ ಹಂಚಿದರೆ ಲೆಕ್ಕ ಒಪ್ಪುವಂತಿರುತ್ತದೆ. ತೆರಿಗೆಯ ಮತ್ತು ತೆರಿಗೆಯಿಲ್ಲದ ಸೇವೆ ಎರಡನ್ನೂ ಒಂದೇ ಕಾಗದದಲ್ಲಿ ತೋರಿಸಲು ಜಿಎಸ್‌ಟಿ ನಿಯಮ 46ಎ ಅವಕಾಶ ಕೊಟ್ಟಿದೆ. ಆದ್ದರಿಂದ 'ನಮ್ಮ ಸಾಫ್ಟ್‌ವೇರಿನಲ್ಲಿ ಆಗುವುದಿಲ್ಲ' ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.

ಶೇ. 18ರ ಬಗ್ಗೆ. 2025ರ ಸೆಪ್ಟೆಂಬರ್ 3ರಂದು ನಡೆದ 56ನೇ ಜಿಎಸ್‌ಟಿ ಮಂಡಳಿ ಸಭೆ ಸಲೂನ್, ಜಿಮ್, ಯೋಗ ಕೇಂದ್ರಗಳ ತೆರಿಗೆಯನ್ನು ಶೇ. 18ರಿಂದ 5ಕ್ಕೆ ಇಳಿಸಿತು, ಸೆಪ್ಟೆಂಬರ್ 22ರಿಂದ ಜಾರಿ. ಇಳಿಸಿದ್ದು ಜಿಎಸ್‌ಟಿಯ ಸೇವಾ ಸಂಕೇತಗಳ ಪಟ್ಟಿಯಲ್ಲಿ 99972 ಎಂಬ ಇಡೀ ಗುಂಪಿಗೆ. ಆ ಗುಂಪಿನ 999722 ಸಂಕೇತದ ವಿವರಣೆ ಓದಿದರೆ, ಮೆನಿಕ್ಯೂರ್ ಪೆಡಿಕ್ಯೂರ್ ಜೊತೆಗೇ 'ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿ ಸೇರಿದಂತೆ ಸೌಂದರ್ಯ ಚಿಕಿತ್ಸೆ' ಎಂದು ಇದೆ. ಹಾಗಾಗಿ ವಿನಾಯಿತಿ ಸಿಗದ ಕಾಸ್ಮೆಟಿಕ್ ಸರ್ಜರಿಗೂ ಶೇ. 5 ಸಾಕು ಎಂಬ ವಾದಕ್ಕೆ ಪಟ್ಟಿಯಲ್ಲೇ ಬಲ ಉಂಟು. 9993 ಎಂಬ ಆರೋಗ್ಯ ಸೇವೆಯ ಸಂಕೇತ ಹಾಕಿ, ವಿನಾಯಿತಿಯನ್ನು ಮಾತ್ರ ನಿರಾಕರಿಸಿದರೆ ಶೇ. 18 ಬರುತ್ತದೆ. ನಿಮ್ಮ ಎಸ್ಟಿಮೇಟಿನಲ್ಲಿ ಯಾವ ಸಂಕೇತ ಇದೆ ಎಂದು ನೋಡಿ. 1,10,000ಕ್ಕೆ ಶೇ. 5 ಅಂದರೆ 5,500 ಮಾತ್ರ. ಒಂದು ಎಚ್ಚರಿಕೆ: ಶೇ. 5ರಲ್ಲಿ ಆಸ್ಪತ್ರೆಗೆ ತಾನು ಉಪಕರಣ, ಸಾಮಗ್ರಿಗೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ, ಆ ಹೊರೆ ಮೂಲ ದರದಲ್ಲಿ ಸ್ವಲ್ಪ ಸೇರಬಹುದು. ಯಾವ ಸಂಕೇತ ಎಂದು ಖಚಿತ ಮಾಡಿಕೊಳ್ಳಬೇಕಾದ ಆಸ್ಪತ್ರೆ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆ ದಾರಿ ರೋಗಿಗೆ ಇಲ್ಲ.

ರೂಮಿನ ಬಾಡಿಗೆಯ ತೆರಿಗೆ ಬೇರೆಯೇ. 2022ರ ಜುಲೈ 18ರಿಂದ, ಐಸಿಯು ಬಿಟ್ಟು, ದಿನಕ್ಕೆ 5,000 ರೂಪಾಯಿಗಿಂತ ಹೆಚ್ಚಿನ ರೂಮಿಗೆ ಶೇ. 5 ತೆರಿಗೆ ಉಂಟು, ಆಪರೇಷನ್ ಯಾವುದೇ ಇರಲಿ. 6,000ದ ರೂಮಿಗೆ ಮೇಲಿನ ಸಾವಿರಕ್ಕಲ್ಲ, ಪೂರ್ತಿ ಆರು ಸಾವಿರಕ್ಕೆ, ದಿನಕ್ಕೆ 300. ಮೂಗಿನ ಆಪರೇಷನ್ನಿಗೆ ಒಂದು ರಾತ್ರಿಗಿಂತ ಹೆಚ್ಚು ಉಳಿಯಬೇಕಾಗುವುದು ಕಡಿಮೆ, ಸಾಮಾನ್ಯ ರೂಮು ಸಾಕು.

ಬಿಲ್ಲಿನ ಮೇಲೆ 15 ಅಂಕಿ ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರು. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಸಣ್ಣ ಕ್ಲಿನಿಕ್‌ಗಳು ಇಲ್ಲಿ ಇನ್ನೊಂದು ರೀತಿ ಎಡವುತ್ತವೆ. ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಬರೀ ವಿನಾಯಿತಿಯ ಚಿಕಿತ್ಸೆ ಕೊಡುವ ವೈದ್ಯರಿಗೆ ಬೇಡ. ಆದರೆ 19 ಲಕ್ಷದ ಚರ್ಮರೋಗ ಚಿಕಿತ್ಸೆಯ ಜೊತೆ ಎರಡು ಲಕ್ಷದ ಕೂದಲು ಕಸಿ ಮಾಡಿದರೆ ಎರಡನ್ನೂ ಕೂಡಿಸಿ 21 ಲಕ್ಷ, ನೋಂದಣಿ ಆಗಲೇಬೇಕು. ಕಾಸ್ಮೆಟಿಕ್ ಕೆಲಸ ಎರಡೇ ಲಕ್ಷದ್ದಲ್ಲವಾ ಎಂದು ಸುಮ್ಮನಿದ್ದವರಿಗೆ ನೋಟಿಸ್ ಬರುವುದು ಹೀಗೆ.

'ಬಿಲ್ ಬೇಡವಾದರೆ ತೆರಿಗೆ ಬಿಟ್ಟು ಮಾಡಿಕೊಡುವ' ಎಂದು ಯಾರಾದರೂ ಹೇಳಿದರೆ ಆ ಬಾಗಿಲಿಂದ ಹಿಂದೆ ಬನ್ನಿ. ಮೂಗಿನ ಆಕಾರದ ಆಪರೇಷನ್ನಿನಲ್ಲಿ ಊತ ಪೂರ್ತಿ ಇಳಿದು ನಿಜವಾದ ರೂಪ ಕಾಣಲು ಒಂದು ವರ್ಷ ಬೇಕು. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಆ ಹೊತ್ತಿಗೆ ಕೈಯಲ್ಲಿ ಬಿಲ್ಲೂ ಇಲ್ಲ, ಸಮ್ಮರಿಯೂ ಇಲ್ಲ ಎಂದಾದರೆ ಏನು ಮಾಡಿದ್ದರು ಎಂದು ಮುಂದಿನ ಸರ್ಜನ್‌ಗೂ ತಿಳಿಯುವುದಿಲ್ಲ, ಗ್ರಾಹಕ ಆಯೋಗದ ಮುಂದೆ ತೋರಿಸಲೂ ಏನೂ ಇರುವುದಿಲ್ಲ. ಕೂದಲು ಕಸಿಯಲ್ಲಿ ಈ ಚಾಳಿಯ ಅಪಾಯ ಇನ್ನೂ ಹೆಚ್ಚು. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಅದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ಹೇಳಬೇಕಾಯಿತು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ತೆರಿಗೆ ಹಾಕುವುದೇ ಸರಿಯಾ ಎಂಬುದು. ಬೇರೆ ದೇಶಗಳಲ್ಲೂ ಈ ಜಗಳ ಆಗಿದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2004ರಲ್ಲಿ ಶೇ. 6 ತೆರಿಗೆ ಹಾಕಿತು. ಎಣಿಸಿದಷ್ಟು ಹಣ ಬರಲಿಲ್ಲ, 2012ರಿಂದ ಹಂತಹಂತವಾಗಿ ಇಳಿಸಿ 2014ಕ್ಕೆ ಕೈಬಿಟ್ಟಿತು. ಅಮೆರಿಕದ ಸೆನೆಟ್ಟಿನಲ್ಲಿ 2009ರಲ್ಲಿ ಇಡೀ ದೇಶಕ್ಕೆ ಶೇ. 5 ಹಾಕುವ ಪ್ರಸ್ತಾಪ ಬಂದು, ವೈದ್ಯರ ಸಂಘಗಳ ವಿರೋಧದ ನಡುವೆ ಬಿದ್ದುಹೋಯಿತು. ಕೊನೆಗೆ ಅದರ ಬದಲಿಗೆ ಮೈ ಕಂದಾಗಿಸುವ ಟ್ಯಾನಿಂಗ್ ಸೇವೆಗೆ ಶೇ. 10 ಹಾಕಿದರು. ದಕ್ಷಿಣ ಕೊರಿಯಾ 2011ರಲ್ಲಿ ಕಣ್ಣುರೆಪ್ಪೆ, ಮೂಗಿನಂಥ ಐದು ಆಪರೇಷನ್‌ಗಳಿಂದ ಶುರುಮಾಡಿ 2014ರಲ್ಲಿ ಹೆಚ್ಚುಕಡಿಮೆ ಎಲ್ಲಾ ಸೌಂದರ್ಯ ಚಿಕಿತ್ಸೆಗೂ ಹಬ್ಬಿಸಿತು. ಯುರೋಪಿನ ನ್ಯಾಯಾಲಯ 2013ರಲ್ಲಿ ಸ್ವೀಡನ್ನಿನ ಒಂದು ಪ್ರಕರಣದಲ್ಲಿ, ಚಿಕಿತ್ಸೆಯ ಉದ್ದೇಶ ಇದ್ದರೆ ಮಾತ್ರ ವಿನಾಯಿತಿ, ರೋಗಿಗೆ ತನಗೆ ಏನನ್ನಿಸುತ್ತದೆ ಎಂಬುದೊಂದೇ ಸಾಲದು ಎಂದಿತು.

ವಿರೋಧಿಸುವವರ ಒಂದು ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದು ಸಿರಿವಂತರ ಶೋಕಿಯ ಮೇಲಿನ ತೆರಿಗೆ ಅಲ್ಲ, ಹೆಚ್ಚಾಗಿ ಹೆಂಗಸರ ಮೇಲೆ ಬೀಳುವ ತೆರಿಗೆ ಎನ್ನುತ್ತಾರೆ ಅವರು. ಹುಡುಗಿ ನೋಡಲು ಬಂದವರು ಮೂಗಿನ ಬಗ್ಗೆ ಮಾತಾಡಿ ಹೋಗುವ ಊರಿನಲ್ಲಿ ಆಪರೇಷನ್ ಅವಳ 'ಇಷ್ಟ' ಎನ್ನುವುದು ಎಷ್ಟು ಸರಿ? ಆದರೂ ಬಯಕೆಗೆ ಮಾಡಿಸಿಕೊಳ್ಳುವ ಆಪರೇಷನ್ನಿಗೆ ತೆರಿಗೆ ಇರುವುದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಬಿಸ್ಕಿಟಿಗೂ ಚಪ್ಪಲಿಗೂ ತೆರಿಗೆ ಕಟ್ಟುತ್ತೇವೆ. ಅನ್ಯಾಯ ಇರುವುದು ಗೆರೆ ಎಳೆದ ಜಾಗದಲ್ಲಿ.

ಕಾಸ್ಮೆಟಿಕ್ ಸರ್ಜರಿಗೆ ನಮ್ಮಲ್ಲಿ ತೆರಿಗೆ ಬಂದದ್ದು ಜಿಎಸ್‌ಟಿಯಿಂದ ಅಲ್ಲ, 2009ರ ಸೆಪ್ಟೆಂಬರ್ 1ರಿಂದ, ಪ್ರಣಬ್ ಮುಖರ್ಜಿಯವರ ಬಜೆಟ್ಟಿನ ಸೇವಾ ತೆರಿಗೆಯಿಂದ. ಅಂದಿನ ಕಾನೂನಿನಲ್ಲಿ ವಿನಾಯಿತಿಯ ಪಟ್ಟಿ ಹೀಗಿತ್ತು: ಹುಟ್ಟು ನ್ಯೂನತೆ, ಬೆಳವಣಿಗೆಯ ಅಸಹಜತೆ, ಕ್ಷಯಿಸುವ ರೋಗಗಳು, ಗಾಯ, ಆಘಾತ. 2012ರಲ್ಲಿ ಸೇವಾ ತೆರಿಗೆಯನ್ನು ಹೊಸದಾಗಿ ಬರೆದಾಗ 'ರೋಗ' ಎಂಬುದು ಆ ಪಟ್ಟಿಯಿಂದ ಬಿದ್ದುಹೋಯಿತು. ಜಿಎಸ್‌ಟಿ ಅದೇ ವಾಕ್ಯವನ್ನು ಎತ್ತಿಕೊಂಡಿತು.

ಇದರಿಂದ ಪೆಟ್ಟು ಬೀಳುವುದು ಯಾರಿಗೆ ನೋಡಿ. ಕ್ಯಾನ್ಸರಿಗೆ ಸ್ತನ ತೆಗೆಸಿಕೊಂಡ ಹೆಂಗಸು ಎರಡು ವರ್ಷ ಕಳೆದು, ಕಿಮೋ ರೇಡಿಯೇಷನ್ ಎಲ್ಲ ಮುಗಿದ ಮೇಲೆ, ಹೊಟ್ಟೆಯ ಚರ್ಮ ಕೊಬ್ಬಿನಿಂದ ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳಲು ಬರುತ್ತಾಳೆ. ಅವಳಿಗಿರುವುದು ಹುಟ್ಟು ನ್ಯೂನತೆಯಲ್ಲ, ಬೆಳವಣಿಗೆಯ ಅಸಹಜತೆಯಲ್ಲ. ಬೈಕಿನಿಂದ ಬಿದ್ದದ್ದೂ ಅಲ್ಲ. ಪಟ್ಟಿಯನ್ನು ಅಕ್ಷರಶಃ ಓದುವ ಅಕೌಂಟೆಂಟ್ ಅವಳಿಗೆ ತೆರಿಗೆ ಹಾಕಬಹುದು. ಕಾಯಿಲೆಯ ಆರೈಕೆ ವ್ಯಾಖ್ಯಾನದ ಮೊದಲ ಸಾಲಿನಲ್ಲೇ ಇದೆ, ಸರ್ಜನ್ನಿನ ಕತ್ತಿಯಿಂದ ಅಂಗ ಹೋದದ್ದೂ ದೇಹಕ್ಕೆ ಆದ ಗಾಯವೇ ಎಂದು ವಾದಿಸಬಹುದು, ಆ ವಾದ ಗಟ್ಟಿಯೂ ಹೌದು. ಆದರೆ ಅಂಥವಳು ಕೌಂಟರಿನಲ್ಲಿ ನಿಂತು ವಾದಿಸಬೇಕಾಗಿ ಬರುವುದೇ ತಪ್ಪು. ಸ್ತನ ತೆಗೆಯುವ ದಿನವೇ ಮರುನಿರ್ಮಾಣವೂ ಆದರೆ ಅದು ಕ್ಯಾನ್ಸರ್ ಆಪರೇಷನ್ನಿನ ಭಾಗವಾಗಿ ಹೋಗುತ್ತದೆ, ತಕರಾರು ಕಡಿಮೆ. ತಡವಾಗಿ ಮಾಡಿಸಿಕೊಳ್ಳುವವರು ಮೂಲ ಕ್ಯಾನ್ಸರ್ ಸಮ್ಮರಿಯನ್ನು ಎಸ್ಟಿಮೇಟ್ ಹಂತದಲ್ಲೇ ಕೊಡಬೇಕು. ವಿಮೆ ನಿಯಂತ್ರಣ ಪ್ರಾಧಿಕಾರ, ಕಾಸ್ಮೆಟಿಕ್ ಸರ್ಜರಿಯನ್ನು ವಿಮೆಯಿಂದ ಹೊರಗಿಡುವ ತನ್ನ ಎಂಟನೇ ಪ್ರಮಾಣಿತ ನಿಯಮದಲ್ಲಿ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುನಿರ್ಮಾಣವನ್ನು ಹೊರಗಿಡುವಂತಿಲ್ಲ ಎಂದು ಹೆಸರು ಹಿಡಿದೇ ಬರೆದಿದೆ. ವಿಮೆಯವರಿಗೆ ಕ್ಯಾನ್ಸರ್ ಎಂದು ಬರೆಯಲು ಆಯಿತೆಂದರೆ, ಬಿದ್ದುಹೋದ 'ರೋಗ' ಎಂಬ ಪದವನ್ನು ತೆರಿಗೆಯ ಅಧಿಸೂಚನೆಯಲ್ಲೂ ಮತ್ತೆ ಸೇರಿಸಬೇಕು. ಬಿಳಿ ತೊನ್ನಿಗೆ ಚರ್ಮ ಕಸಿ, ಕುಷ್ಠದಿಂದ ಕುಸಿದ ಮೂಗನ್ನು ಎತ್ತುವುದು, ಇವೂ ಅದೇ ಪದಕ್ಕೆ ಕಾಯುತ್ತಿವೆ.

ವಿಮೆಯ ಈ ಎಂಟನೇ ನಿಯಮದ ಪ್ರಕಾರ ನಿಮ್ಮ ಮಗಳ ವಿಮೆಯಲ್ಲಿ ಉಬ್ಬಿನ ಖರ್ಚು ಬರುವುದಿಲ್ಲ. ನಡುಗೋಡೆಯದ್ದಕ್ಕೆ ಕ್ಲೇಮ್ ಹಾಕಬಹುದು, ಆದರೆ ಪಾಲಿಸಿಯಲ್ಲಿ ಅದಕ್ಕೆ ಕಾಯುವ ಅವಧಿ ಇದೆಯೇ ನೋಡಿ. ಬಿಲ್ ವಿಂಗಡಿಸಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಒಂದೇ ಮೊತ್ತದ ರೈನೊಪ್ಲಾಸ್ಟಿ ಬಿಲ್ ಹೋದರೆ ಪೂರ್ತಿ ತಿರಸ್ಕರಿಸಲು ಅವರಿಗೆ ಸುಲಭ.

ಆಸ್ಪತ್ರೆಗೆ ಒಂದು ಪುಟದ ಪತ್ರ ಬರೆದು ಮೂರು ವಿಷಯ ಕೇಳಿ: ಎರಡು ಕೆಲಸಗಳ ಪ್ರತ್ಯೇಕ ದರ, ಪ್ರತಿಯೊಂದಕ್ಕೂ ಹಾಕಿದ ಸೇವಾ ಸಂಕೇತ, ಮತ್ತು ನಡುಗೋಡೆಯ ಭಾಗಕ್ಕೆ ತೆರಿಗೆ ತೆಗೆದ ಹೊಸ ಎಸ್ಟಿಮೇಟ್. ಸರ್ಜನ್ ಬರೆದ ರೋಗನಿರ್ಣಯದ ಪ್ರತಿ ಜೊತೆಗಿಡಿ. ಒಪ್ಪದೆ ಪೂರ್ತಿ ತೆರಿಗೆ ವಸೂಲು ಮಾಡಿದರೆ ಹಣ ಕಟ್ಟಿ ಬಿಲ್ ಇಟ್ಟುಕೊಳ್ಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಹೆಚ್ಚಿಗೆ ಹಾಕಿದ ತೆರಿಗೆಯನ್ನು ಆಸ್ಪತ್ರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಕಾಗದ) ಕೊಟ್ಟು ಸರಿಮಾಡಬಹುದು. ಅದನ್ನು ತನ್ನ ರಿಟರ್ನಿನಲ್ಲಿ ತೋರಿಸಲು ಬಿಲ್ಲಿನ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಸಮಯ ಉಂಟು. ಮಾರ್ಚಿನಲ್ಲಿ ಆಪರೇಷನ್ ಆದರೆ ನಿಮಗೆ ಸಿಗುವುದು ಎಂಟು ತಿಂಗಳು, ಏಪ್ರಿಲಿನಲ್ಲಿ ಆದರೆ ಇಪ್ಪತ್ತು.